ಬಿಲ್ವದ ಕಾಯಿ: ಶಾಸ್ತ್ರವೂ ಪರೀಕ್ಷೆಯೂ

ಗಂಗಾವತಿ ಸೀಮೆಯಲ್ಲಿ ಪತ್ರಿಗಿಡವನ್ನು ಅರಿಯದವರಿಲ್ಲ. ಅದರ ಎಲೆ ಶಿವಪೂಜೆಗೆ ಸಲ್ಲುತ್ತದೆ. ಕಾಯಿ ಹೊಟ್ಟೆಯ ಬೇನೆಗೆ ಸಲ್ಲುತ್ತದೆ. ಎಳೆಯ ಕಾಯಿಯನ್ನು ಹೋಳು ಮಾಡಿ, ಒಣಗಿಸಿ ಕುಟ್ಟಿ, ಭೇದಿಯಾದವರಿಗೆ ಮಜ್ಜಿಗೆಯಲ್ಲಿ ಕೊಡುವ ರೂಢಿಯನ್ನು ನಾವು ಬಾಲ್ಯದಲ್ಲಿ ಮಠದಲ್ಲಿಯೇ ಕಂಡೆವು. ಕುಟ್ಟುವ ಸೇವೆ ನಮ್ಮ ಪಾಲಿನದಾಗಿತ್ತು. ಈ ಮದ್ದಿನ ಪೂರ್ವವೃತ್ತಾಂತವೇನು, ಅದು ಎಷ್ಟರ ಮಟ್ಟಿಗೆ ಫಲಿಸುತ್ತದೆ ಎಂಬುದನ್ನು ಓದುಗರು ಭಕ್ತಿಯನ್ನು ಬದಿಗಿಡದೆಯೇ ವಿಚಾರಿಸಬಹುದು.

ಚರಕಸಂಹಿತೆಯು ಬಿಲ್ವದ ಹಣ್ಣನ್ನೂ ಕಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಹಣ್ಣು ಜೀರ್ಣಕ್ಕೆ ಕಷ್ಟ, ದೋಷಕಾರಿ. ಎಳೆಯ ಕಾಯಿ ಅಗ್ನಿದೀಪಕ, ಕಫವಾತಹರ. ಮಿಕ್ಕ ಫಲಗಳು ಪಕ್ವವಾದಾಗ ಗುಣಾಧಿಕ, ಬಿಲ್ವ ಮಾತ್ರ ಹಸಿಯಾಗಿದ್ದಾಗ ಎಂದು ಸುಶ್ರುತಸಂಹಿತೆಯೂ ಹೇಳುತ್ತದೆ. ಇನ್ನೊಂದು ಎಚ್ಚರಿಕೆಯನ್ನು ನಮ್ಮ ಜನ ಮರೆತಿದ್ದಾರೆ: ಆಮಾತಿಸಾರದ ಆರಂಭದಲ್ಲಿಯೇ ಭೇದಿಯನ್ನು ಕಟ್ಟುವ ಔಷಧವನ್ನು ಕೊಡಬಾರದೆಂದು ಚರಕಸಂಹಿತೆಯು ನಿಷೇಧಿಸಿದೆ.

ಸಂಸ್ಕೃತದಲ್ಲಿದ್ದ ವೈದ್ಯವಿದ್ಯೆಯನ್ನು ಕನ್ನಡಕ್ಕೆ ತಂದವರಲ್ಲಿ 12ನೆಯ ಶತಮಾನದ ಜಗದ್ದಳ ಸೋಮನಾಥನು ಮುಖ್ಯನು. ಅದೇ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನಿದ್ದನು. ಆಂಗ್ಲರ ಆಳಿಕೆಯಲ್ಲಿ, 1868ರಲ್ಲಿ ಪ್ರಕಟವಾದ ಇಂಡಿಯಾದ ಫಾರ್ಮಕೋಪಿಯಾ ಗ್ರಂಥದಲ್ಲಿ ಬಿಲ್ವಕ್ಕೂ ಸ್ಥಾನ ದೊರೆಯಿತು.

ಆದರೆ ಗ್ರಂಥದಲ್ಲಿ ಸೇರಿದ ಮಾತ್ರಕ್ಕೆ ಮದ್ದು ಸಿದ್ಧವಾದಂತಲ್ಲ. ಷಿಗೆಲ್ಲಾ ಎಂಬ ರೋಗಾಣುವಿನಿಂದಾದ ಆಮಶಂಕೆಯ ರೋಗಿಗಳಿಗೆ ಬಾಂಗ್ಲಾದೇಶದಲ್ಲಿ ಬಿಲ್ವದ ಹಸಿಕಾಯಿಯನ್ನು ಕೊಟ್ಟು ಪರೀಕ್ಷಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದರಿಂದ ಪ್ರಯೋಜನವಾಗಲಿಲ್ಲ. 2009ರಲ್ಲಿ ಮುಂಬಯಿಯ ಸಂಶೋಧಕರು ಪ್ರಯೋಗಶಾಲೆಯಲ್ಲಿ ಬೇರೊಂದು ಸಂಗತಿಯನ್ನು ಕಂಡರು. ಕಾಯಿಯ ಕಷಾಯವು ಪರೀಕ್ಷಿಸಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ; ಅವು ಜೀವಕೋಶಗಳಿಗೆ ಅಂಟಿ ಒಳಹೊಗುವುದನ್ನು ತಗ್ಗಿಸುತ್ತದೆ, ಕಾಲರಾ ವಿಷದ ಉತ್ಪತ್ತಿಯನ್ನೂ ಕುಗ್ಗಿಸುತ್ತದೆ. ಇದು ಗಾಜಿನ ಪಾತ್ರೆಯಲ್ಲಿ ಕಂಡ ಫಲವೇ ಹೊರತು ರೋಗಿಯ ಉದರದಲ್ಲಿ ಕಂಡದ್ದಲ್ಲ. ಪರಂಪರೆ ಪೂರ್ತಿ ಸುಳ್ಳಲ್ಲ, ಪೂರ್ತಿ ಸಿದ್ಧವೂ ಅಲ್ಲ.

ಭೇದಿಯಲ್ಲಿ ಪ್ರಾಣ ತೆಗೆಯುವುದು ಬಹುಮಟ್ಟಿಗೆ ದೇಹದ ನೀರು ಬತ್ತುವುದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಬಿಲ್ವವಾಗಲಿ ಶುಂಠಿಯಾಗಲಿ ಈ ನೀರಿನ ಸ್ಥಾನವನ್ನು ತುಂಬಲಾರದು.

ಇದನ್ನು ನಾವು ತಡವಾಗಿ ಕಲಿತೆವು. ನಾವು ಮರಿಯಾಗಿದ್ದಾಗ ಕಾಲುವೆ ಪಕ್ಕದ ಹಳ್ಳಿಯ ತಾಯಿಯೊಬ್ಬಳು ಎರಡು ವರ್ಷದ ಕೂಸಿಗೆಂದು ಪುಡಿ ಒಯ್ದಳು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಮನೆಯ ಹಿರಿಯರು ಎರಡು ದಿನ ಹನಿ ನೀರೂ ಹಾಕಗೊಡಲಿಲ್ಲ. ನೀರು ಕುಡಿಸಿರೆಂದು ಮಠದಲ್ಲಿಯೂ ಯಾರೂ ಹೇಳಿ ಕಳುಹಿಸಿರಲಿಲ್ಲ. ಕೂಸು ಉಳಿಯಲಿಲ್ಲ. ಆ ಪುಡಿ ನಮ್ಮ ಕೈಯಿಂದಲೇ ಕುಟ್ಟಿದ್ದು.

ಪುಡಿ ಕೇಳಿ ಬಂದವರಿಗೆ ಇಂದು ಮಠದಲ್ಲಿ ಮೊದಲು ಓಆರ್‌ಎಸ್ ಪೊಟ್ಟಣವನ್ನು ಕೊಡುತ್ತಾರೆ. ಮಲದಲ್ಲಿ ರಕ್ತವಿದ್ದರೆ, ಕೂಸಿನ ಕಣ್ಣು ಗುಳಿಬಿದ್ದಿದ್ದರೆ ಪುಡಿ ಕೊಡುವುದಿಲ್ಲ, ಆಸ್ಪತ್ರೆಗೆ ಕಳುಹಿಸುತ್ತಾರೆ.