ನೀರುಗಂಟಿಯಿಂದ ಗಣಕಯಂತ್ರದವರೆಗೆ

ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತ ಕನ್ನಡಿಗನಿಗೆ ಕೃಷ್ಣೆ ಪರನಾಡಿನ ನದಿಯೆನಿಸುವುದಿಲ್ಲ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿಯೇ ಆಕೆ ಇಲ್ಲಿಗೆ ಬರುತ್ತಾಳೆ. 1855ರಲ್ಲಿ ಮುಗಿದ ಹಳೆಯ ಆಣೆಕಟ್ಟು 1952ರ ನೆರೆಯಲ್ಲಿ ಹಾಳಾಗಿ, ಅದರ ಬದಲಿಗೆ 1957ರಲ್ಲಿ ಈ ಬ್ಯಾರೇಜು ಸಿದ್ಧವಾಯಿತು. ಹೊಲಕ್ಕೆ ನೀರು ಅಳೆದು ಕೊಡುವ ವಿದ್ಯೆ ಇಲ್ಲಿ ಅಷ್ಟು ಹಳೆಯದು. ಆದರೆ ಹಳ್ಳಿಯ ಹೆಂಗಸರ ಬಿಂದಿಗೆಗೆ ಬೀಳುವ ನೀರಿನ ಲೆಕ್ಕ ಸರಕಾರದ ಕಡತ ಸೇರಿದ್ದು ಈಚೆಗೆ.

ಅದಕ್ಕೂ ಮುಂಚೆ ಲೆಕ್ಕವಿರಲಿಲ್ಲವೆಂದಲ್ಲ. ಕೆರೆಯ ತೂಬು ತೆರೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಅವನ ಲೆಕ್ಕ ಅವನ ತಲೆಯಲ್ಲಿ. ತಪ್ಪಿದರೆ ಊರೇ ಕೇಳುತ್ತಿತ್ತು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ನಲ್ಲಿಗೆ ನೀರು ಬಿಡುವವನಿಗೂ ಅದೇ ಹೆಸರು ಉಳಿದಿದೆ.

1972-73ರಲ್ಲಿ ಕೇಂದ್ರ ಸರಕಾರ ಹಳ್ಳಿಗಳ ನೀರು ಸರಬರಾಜನ್ನು ಚುರುಕುಗೊಳಿಸಲು ರಾಜ್ಯಗಳಿಗೆ ನೆರವು ನೀಡತೊಡಗಿತು. ಮುಂದೆ ತಲೆಗೆ ದಿನಕ್ಕೆ 40 ಲೀಟರು, 250 ಜನರಿಗೊಂದು ಕೈಪಂಪು ಎಂಬ ಅಳತೆ ರೂಢಿಗೆ ಬಂತು. ಪಂಪು ನೆಟ್ಟರೆ ಊರು ಪಟ್ಟಿಗೆ ಸೇರಿತು. ಪಂಪು ಕೆಟ್ಟರೂ, ಬಾವಿ ಬತ್ತಿದರೂ ಪಟ್ಟಿ ಬತ್ತುವಂತಿರಲಿಲ್ಲ! ನೀರಿನ ಗುಣದ ಮಾತು ಬೇರೆ. ಫ್ಲೋರೈಡಿನಿಂದ ಮೂಳೆ ಸೆಡೆಯುವ ರೋಗವನ್ನು ಅಂದಿನ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವೈದ್ಯರು ಗುರುತಿಸಿದ್ದರು. ಆ ವಿಷ ನಾಲಿಗೆಗೂ ತಿಳಿಯದು, ಪಟ್ಟಿಗೂ ತಿಳಿಯದು.

ಹೊಸ ವಿದ್ಯೆ ಮೊದಲು ಬಂದದ್ದು ಆಕಾಶದಿಂದ. 1986ರಲ್ಲಿ ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್ ಆರಂಭವಾದಾಗ, ಹೈದರಾಬಾದಿನ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಅಂತರ್ಜಲ ಸಿಗಬಹುದಾದ ತಾಣಗಳ ನಕ್ಷೆ ಬರೆಯಿತು. 2009ರ ಹೊಸ ಕಾರ್ಯಕ್ರಮದೊಡನೆ ಊರೂರಿನ ವಿವರ ಗಣಕಯಂತ್ರಕ್ಕೆ ಏರಿತು. ಆದರೆ ತುಂಬಿದವರು ಬರೆದದ್ದನ್ನೇ ಯಂತ್ರ ಒಪ್ಪಿಸಿತು. 2018ರಲ್ಲಿ ಮಹಾಲೇಖಪಾಲರ ವರದಿ ಆ ವಿವರಗಳ ಲೋಪಗಳನ್ನು ಎತ್ತಿ ತೋರಿಸಿತು. 2017ರೊಳಗೆ ಗ್ರಾಮೀಣರಲ್ಲಿ ಶೇಕಡಾ 50 ಮಂದಿಗೆ ನಲ್ಲಿಯ ಮೂಲಕ ತಲೆಗೆ 55 ಲೀಟರು ನೀರೆಂದಿದ್ದ ಗುರಿ, ಶೇಕಡಾ 18ಕ್ಕೆ ನಿಂತಿತ್ತು.

2019ರ ಆಗಸ್ಟ್ 15ರಂದು ಘೋಷಿಸಿದ ಜಲಜೀವನ್ ಮಿಷನ್ ಪಂಪಿನ ಬದಲು ಮನೆಯನ್ನು ಎಣಿಸಿತು. ಅಂದು ನಲ್ಲಿಯಿದ್ದ ಗ್ರಾಮೀಣ ಮನೆಗಳು 3.23 ಕೋಟಿ, 2025ರ ಹೊತ್ತಿಗೆ 15 ಕೋಟಿ ದಾಟಿದವು. ನೀರಿನ ಹರಿವು, ಒತ್ತಡ, ಉಳಿದ ಕ್ಲೋರಿನ್ ಅಳೆದು ದೂರದ ಕಚೇರಿಗೆ ಸುದ್ದಿ ಕಳಿಸುವ ಸೆನ್ಸರುಗಳು ಹಲವು ರಾಜ್ಯಗಳ ಕೆಲವು ಗ್ರಾಮಗಳಲ್ಲಿ ಪ್ರಯೋಗಕ್ಕೆ ಬಂದವು. ಜೊತೆಗೆ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿಯೂ ಸಿಕ್ಕಿತು. ಯಂತ್ರಕ್ಕಿಂತ ಇದು ದೊಡ್ಡ ಹೆಜ್ಜೆಯೆಂದರೆ ತಪ್ಪಲ್ಲ.

ಯಂತ್ರದ ಬಲವನ್ನೂ ಮಿತಿಯನ್ನೂ ಈ ಸೀಮೆಯಲ್ಲಿ ನೆಲೆಸಿದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಕರೆಂಟು, ಫೋನು ಎರಡೂ ಹೋಗಿ ನೀರಿಗೆ ಹಾಹಾಕಾರವಾಯಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದಾಗ ಡ್ರೋನುಗಳೇ ಅನ್ನ, ನೀರು ಹೊತ್ತು ಹಾರಿದವು. ಕರೆಂಟು, ಫೋನು ಹೋದ ದಿನ ಪಟ್ಟಣದ ಪಾಡೇ ಅದಾದರೆ, ಹಳ್ಳಿಯ ಸೆನ್ಸರು ಯಾರಿಗೆ ಸುದ್ದಿ ಕಳಿಸೀತು?

ಲೆಕ್ಕ ಬೇಕು, ಯಂತ್ರವೂ ಬೇಕು. ಆದರೆ ಲೆಕ್ಕ ಕೇಳುವ ಹಕ್ಕು ಊರಿನ ಕೈಯಲ್ಲಿ ಉಳಿಯಬೇಕು. ಕಚೇರಿಯ ಪರದೆಯಲ್ಲಿ ಕಾಣುವ ಅಂಕಿ ಪಂಚಾಯತಿಯ ಗೋಡೆಯ ಮೇಲೂ ಕಾಣಬೇಕು. ನೀರುಗಂಟಿಗೆ ತಿಂಗಳ ಸಂಬಳ ತಪ್ಪದೆ ಸಿಗಬೇಕು. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ನಲ್ಲಿ ತಿರುಗಿಸಿ ನೋಡಲಿ. ನೀರು ಬಾರದಿದ್ದರೆ ಏಕೆಂದು ಪಂಚಾಯತಿಯಲ್ಲಿ ಕೇಳಲಿ.