ಎವರೆಸ್ಟ್ ಬುಡಕ್ಕೆ ಮೊದಲ ಗಿರಾಕಿಗಳು

ಈ ರಜೆಗೆ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟಿದ್ದೀರಾ? ಹಣ ಕಟ್ಟಿದರೆ ಗೈಡು, ವಸತಿ, ಊಟ ಎಲ್ಲ ಅವರದೇ. ನೇಪಾಳದಲ್ಲಿ ಈ ಏರ್ಪಾಡು ಶುರು ಮಾಡಿದವರು ಗೂರ್ಖಾ ಪಡೆಯ ನಿವೃತ್ತ ಅಧಿಕಾರಿ ಜಿಮ್ಮಿ ರಾಬರ್ಟ್ಸ್. 1964ರಲ್ಲಿ ಕಠ್ಮಂಡುವಿನಲ್ಲಿ 'ಮೌಂಟನ್ ಟ್ರಾವೆಲ್' ತೆರೆದರು. ಮರುವರ್ಷ ಬಂದ ಮೊದಲ ಗಿರಾಕಿಗಳು ಅಮೆರಿಕದ ಮೂವರು ಮಹಿಳೆಯರು! 1963ರ ಅಮೆರಿಕನ್ ಎವರೆಸ್ಟ್ ತಂಡದ ಸಾಮಾನು ಸಾಗಾಟ ನೋಡಿಕೊಂಡಿದ್ದ ರಾಬರ್ಟ್ಸ್, ಅದೇ ಶೆರ್ಪಾ, ಅಡುಗೆಯವರು, ಕೂಲಿಗಳ ಪದ್ಧತಿಯನ್ನು ನಮ್ಮಂಥವರಿಗೂ ಒದಗಿಸಿದರು, ಅಷ್ಟೆ.

ಶೆರ್ಪಾಗಳಿಗೂ ಅದು ಬೇಕಿತ್ತು. ಹಿಮದ ಘಾಟಿ ದಾಟಿ ಟಿಬೆಟ್ಟಿನೊಡನೆ ನಡೆಸುತ್ತಿದ್ದ ಅವರ ವ್ಯಾಪಾರ 1959ರ ನಂತರ ಕುಸಿದಿತ್ತು. 1964ರಲ್ಲೇ ಹಿಲರಿ, ಶಾಲೆ-ಆಸ್ಪತ್ರೆ ಕಟ್ಟುವ ಸಾಮಾನಿಗೆಂದು ಲುಕ್ಲಾದಲ್ಲಿ ವಿಮಾನ ಇಳಿಯುವ ಜಾಗ ಮಾಡಿಸಿದರು. ಸಾಮಾನಿಗಿಂತ ಜನರೇ ಹೆಚ್ಚು ಇಳಿದರು ಅನ್ನಿ! ಎರಡು ವಾರದ ನಡಿಗೆ ಉಳಿಯಿತು. ಆದರೆ ದೇಹ ಎತ್ತರಕ್ಕೆ ಒಗ್ಗುವ ಸಮಯವೂ ಹೋಯಿತು. ಹಾಗಾಗಿ 3,440 ಮೀಟರಿನ ನಾಮ್ಚೆಯಲ್ಲಿ ಗೈಡು ಒಂದು ದಿನ ನಿಲ್ಲಿಸಿದರೆ ಗೊಣಗಬೇಡಿ. ಕ್ಯಾಂಪು ಇರುವುದು 5,364 ಮೀಟರಿನಲ್ಲಿ.

ಕ್ಯಾಂಪಿನಿಂದ ಕಾಣುವ ಖುಂಬು ನೀರ್ಗಲ್ಲಿನ ಇಳಿಜಾರಿನಲ್ಲೇ 2014ರ ಏಪ್ರಿಲ್ 18ರಂದು 16 ನೇಪಾಳಿ ಕೆಲಸಗಾರರು ಹಿಮ ಕುಸಿದು ಸತ್ತರು. ಅವರು ಹೊತ್ತದ್ದು ಬೇರೆಯವರ ಹೊರೆ. ಅವರಲ್ಲಿ ಹಲವರ ಊರು ನಿಮ್ಮ ದಾರಿಯ ಆಸುಪಾಸಿನಲ್ಲೇ ಇದೆ.