ಸ್ಲಿಪ್‌ಸ್ಟ್ರೀಮ್

ವಿಮಾನದ ಪ್ರೊಪೆಲರ್ ಹಿಂದಕ್ಕೆ ತಳ್ಳುವ ಗಾಳಿಯ ಹರಿವಿಗೆ ಇಂಗ್ಲಿಷಿನಲ್ಲಿ ಸ್ಲಿಪ್‌ಸ್ಟ್ರೀಮ್ ಎಂದು ಹೆಸರು. ಕಂಪ್ಯೂಟರ್ ಲೋಕದಲ್ಲಿ ಅದರ ಅರ್ಥ ಬೇರೆ: ಸರ್ವಿಸ್ ಪ್ಯಾಕ್ ಎಂಬ ತಿದ್ದುಪಡಿಗಳ ಕಟ್ಟನ್ನು ವಿಂಡೋಸ್‌ನ ಇನ್‌ಸ್ಟಾಲೇಷನ್ ಕಡತಗಳಲ್ಲೇ ಬೆರೆಸಿಡುವುದು. 2001ರ ವಿಂಡೋಸ್ ಎಕ್ಸ್‌ಪಿ ಸಿ.ಡಿ.ಗೆ 2004ರ ಸರ್ವಿಸ್ ಪ್ಯಾಕ್ 2 ಸೇರಿಸಿ ಹೊಸ ಸಿ.ಡಿ. ಬರೆದುಕೊಂಡರೆ, ಯಂತ್ರ ಮೊದಲ ಸಲ ಏಳುವಾಗಲೇ ಆ ತಿದ್ದುಪಡಿಗಳೆಲ್ಲ ಒಳಗಿರುತ್ತಿದ್ದವು. ಬ್ಲಾಸ್ಟರ್‌ನಂಥ ಕಂಪ್ಯೂಟರ್ ಹುಳುಗಳು ಜಾಲದಲ್ಲಿ ಹರಿದಾಡುತ್ತಿದ್ದ ಆ ಕಾಲದಲ್ಲಿ, ಅಪ್‌ಡೇಟ್ ಇಳಿಸಿಕೊಳ್ಳಲು ಹೋದ ಹೊಸ ಯಂತ್ರವೇ ಸೋಂಕಿಗೆ ಸಿಕ್ಕಬಹುದಿತ್ತು. ಹಾಗಾಗಿ ತಿದ್ದುಪಡಿಗಳು ಮೊದಲೇ ಒಳಗಿರುವುದು ಸಣ್ಣ ಲಾಭವಾಗಿರಲಿಲ್ಲ. ಹೀಗೆ ಬೆರೆಸುವ ಸೌಲಭ್ಯ ಮೈಕ್ರೋಸಾಫ್ಟಿನದೇ. ಆದರೆ ಅದನ್ನು ಸಾಮಾನ್ಯರ ಕೈಗೆಟುಕಿಸಿದ ಶ್ರೇಯ ಎನ್‌ಲೈಟ್‌ನಂಥ ಹೊರಗಿನವರ ಸಲಕರಣೆಗಳಿಗೆ ಸಲ್ಲಬೇಕು. ಡ್ರೈವರ್ ಸೇರಿಸುವ, ಬೇಡದ ಭಾಗ ಕಿತ್ತುಹಾಕುವ ಅವಕಾಶವನ್ನೂ ಅವು ಕೊಟ್ಟವು. ವಿಂಡೋಸ್ ವಿಸ್ಟಾದಿಂದ ಬಿಡಿ ಇನ್‌ಸ್ಟಾಲೇಷನ್ ಕಡತಗಳ ಜಾಗಕ್ಕೆ ವಿಮ್ ಎಂಬ ಇಮೇಜ್ ಕಡತ ಬಂತು. ವಿಂಡೋಸ್ 7ರಿಂದೀಚೆಗೆ ಡಿಸ್ಮ್ ಆಜ್ಞೆ ಅದರೊಳಗೆ ಅಪ್‌ಡೇಟ್ ಸೇರಿಸುತ್ತದೆ. ಬಳಕೆದಾರರು ಈ ಕೆಲಸವನ್ನೂ ಸ್ಲಿಪ್‌ಸ್ಟ್ರೀಮ್ ಎಂದೇ ಕರೆಯುತ್ತಾರೆ.